ಬೀಗದೊಳಗಿನ ಯುಗಾದಿ

ಹಬ್ಬದ ದಿನ ತೆರೆದಿರುವ ಅಂಗಡಿಯ ಮೆಟ್ಟಿಲು ನಾನು ಹತ್ತುವುದಿಲ್ಲ. ಪಕ್ಕದ ಮನೆಯಾಕೆ ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಾಳೆ. ಮೊನ್ನೆಯ ಯುಗಾದಿಗೂ ಬಂದು, "ಹೊಸಾ ಮಾಲ್‌ನ್ಯಾಗ ಆಫರ್ ಬಿಟ್ಟಾರಂತ, ಏಳ್ರಿ, ಬರೇ ನೋಡ್ಕೊಂಡ್ ಬರೂಣು" ಎಂದು ಕೈ ಹಿಡಿದು ಎಳೆದಳು. ಹೋಳಿಗೆಯ ನೆಪ ಹೇಳಿ ತಪ್ಪಿಸಿಕೊಂಡೆ. ಆಕೆ ಹೋಗಿ ಬಂದು ಹೇಳಿದ್ದಿಷ್ಟು: ಬಾಗಿಲಲ್ಲಿ ಒಂದೇ ಬಣ್ಣದ ಸೀರೆ ಉಟ್ಟ ಹುಡುಗಿಯರು ಸಾಲಾಗಿ ನಿಂತು, ಬಂದವರಿಗೆಲ್ಲ ಬೇವು-ಬೆಲ್ಲ ಕೊಟ್ಟು ಕೈ ಮುಗಿಯುತ್ತಿದ್ದರಂತೆ. "ಎಷ್ಟ್ ಚೆಂದ ನಗ್ತಿದ್ವು ಗೊತ್ತೇನ್ರಿ" ಎಂದಳು. ನಗದೆ ಏನು ಮಾಡುತ್ತವೆ? ನಗುವುದಕ್ಕೇ ಸಂಬಳ. ಅವುಗಳ ಮನೆಯಲ್ಲಿ ಆ ಹೊತ್ತಿಗೆ ಒಲೆ ಹತ್ತಿತ್ತೋ ಇಲ್ಲವೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಹಬ್ಬದ ದಿನ ಕೆಲಸ ಮಾಡುವುದೇ ತಪ್ಪು ಎನ್ನುವವಳಲ್ಲ ನಾನು. ನನ್ನ ಗಂಡ ಹೊಸಪೇಟೆಯಿಂದ ಕುರೆಕುಪ್ಪದ ಕಡೆಗೆ ಉಕ್ಕಿನ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಮದುವೆಯಾದಾಗಿನಿಂದ ಎಷ್ಟೋ ದೀಪಾವಳಿಗಳಲ್ಲಿ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾದಿದ್ದೇನೆ. ಕುಲುಮೆ ಆರಿಸಿದರೆ ಮತ್ತೆ ಹತ್ತಿಸುವುದು ಹುಡುಗಾಟವಲ್ಲ ಎಂದು ಅವರು ಹೇಳುತ್ತಿದ್ದರು, ನಾನೂ ಒಪ್ಪಿದ್ದೆ. ಆಸ್ಪತ್ರೆ, ಬಸ್ಸು, ಔಷಧದಂಗಡಿ ನಡೆಯಲೇಬೇಕು. ಆದರೆ ಒಂದು ದಿನ ಸೀರೆ ಮಾರದಿದ್ದರೆ ಯಾರಿಗೇನು ನಷ್ಟ? ಮಾರಿದ್ದರಿಂದ ಏನು ಹೋಯಿತು ಎನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಕೆಲವು ವರ್ಷಗಳ ಹಿಂದೆ ನಾನು ಹೊಸಪೇಟೆಯ ಬಜಾರಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೆಳಗೆ ದಿನಬಳಕೆಯ ಸೀರೆ, ಮೇಲಿನ ಮಹಡಿಯಲ್ಲಿ ರೇಷ್ಮೆ ಮತ್ತು ಮದುವೆ ಜವಳಿ. ನನ್ನದು ಮೇಲಿನ ಮಹಡಿ. ಯುಗಾದಿಯ ದಿನ ಬಜಾರಿನ ಜವಳಿ ಅಂಗಡಿಗಳೆಲ್ಲ ಬಂದ್ ಇರಬೇಕೆಂದು ವ್ಯಾಪಾರಿಗಳ ಸಂಘದವರೇ ತೀರ್ಮಾನ ಮಾಡಿಕೊಂಡಿದ್ದರು. ನಮ್ಮ ಮೇಲಿನ ಪ್ರೀತಿಗಲ್ಲ. ಒಬ್ಬರು ತೆಗೆದರೆ ಇನ್ನೊಬ್ಬರ ಹೊಟ್ಟೆ ಉರಿಯುತ್ತದೆ, ಅದಕ್ಕೆ. ಕಾರಣ ಏನೇ ಇರಲಿ, ವರ್ಷಕ್ಕೆ ಆ ಒಂದು ಹಬ್ಬ ಪೂರ್ತಿಯಾಗಿ ನಮ್ಮ ಕೈಗೆ ಸಿಗುತ್ತಿತ್ತು.

ಆ ವರ್ಷ ಸಂಡೂರಿನ ಒಂದು ಮನೆತನದವರು, ಅದಿರಿನ ಲಾರಿಗಳಿದ್ದ ದೊಡ್ಡ ಕುಳ, ಮಗಳ ಧಾರೆ ಸೀರೆಯನ್ನು ಯುಗಾದಿಯ ದಿನವೇ ತೆಗೆಯಬೇಕೆಂದರು. ಪಾಡ್ಯದ ದಿನಕ್ಕೆ ಪಂಚಾಂಗ ನೋಡಬೇಕಾಗಿಲ್ಲ, ಇಡೀ ದಿನವೇ ಮುಹೂರ್ತ. ಅಂಥ ಗಿರಾಕಿಯನ್ನು ಬಿಡಲು ನಮ್ಮ ಸಾವ್ಕಾರರಿಗೆ ಮನಸ್ಸಿಲ್ಲ, ಸಂಘದವರನ್ನು ಎದುರು ಹಾಕಿಕೊಳ್ಳುವ ಧೈರ್ಯವೂ ಇಲ್ಲ. ಹಿಂದಿನ ಸಂಜೆ ನನ್ನನ್ನು ಕರೆದರು.

"ನಾಳಿ ನೀನು ಬರಬೇಕವ್ವ. ಧಾರಿ ಸೀರಿ ಮುತ್ತೈದಿ ಕೈಲೇ ತಗಸಬೇಕಂತ ಅವ್ರು ಹೇಳ್ಯಾರ. ಗಂಡ, ಮಕ್ಕಳು, ಹೆತ್ತ ತಾಯಿ, ಎಲ್ಲಾರೂ ಇದ್ದಾಕಿ ನೀನ."

"ಹಬ್ಬ ಐತಲ್ರಿ ಸಾವ್ಕಾರ್ರ."

"ಒಂದ್ ಅರ್ಧ ದಿನ. ಆಗಂಗಿಲ್ಲ ಅಂದ್ರ, ಹಬ್ಬ ಆದಮ್ಯಾಲೂ ಬರಬ್ಯಾಡ ಬಿಡು."

ನಗುತ್ತಲೇ ಹೇಳಿದರು. ಅವರು ಬೈದು ಹೇಳಿದ್ದನ್ನು ನಾವು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಗುತ್ತ ಹೇಳಿದರೆ ಹೆದರುತ್ತಿದ್ದೆವು.

ಬೆಳಿಗ್ಗೆ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಹೂರಣ ರುಬ್ಬಿ ಅತ್ತೆಯ ಕೈಗೆ ಒಪ್ಪಿಸಿದೆ. ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು. "ಹಬ್ಬದ ದಿನ ಎಂಥಾ ಅಂಗಡಿಲೇ?" ಎಂದರು. "ಮದಿವಿ ಪಾರ್ಟಿ ಬರ್ತದಂತ್ರಿ. ಮಧ್ಯಾಹ್ನಕ್ಕ ಬಂದುಬಿಡ್ತೀನಿ" ಎಂದು ಹೊರಟೆ. ಅಂಗಡಿಯ ಮುಂದೆ ಹೋದರೆ ಷಟರ್‌ಗೆ ಬೀಗ. ಅಲ್ಲಿ ಕೂತಿದ್ದ ವಾಚ್‌ಮನ್ ಕಣ್ಣಲ್ಲೇ ಹಿಂದಿನ ಸಂದಿ ತೋರಿಸಿದ. ಅವತ್ತು ಕರೆಸಿದ್ದ ಮೇಲಿನ ಮಹಡಿಯವರೆಲ್ಲ ಗೋಡೌನಿನ ಬಾಗಿಲಿನಿಂದ ಒಳಗೆ ಹೋದೆವು. ನಾವು ಹೋದ ಮೇಲೆ ಅದಕ್ಕೂ ಒಳಗಿನಿಂದ ಚಿಲಕ ಬಿತ್ತು. ಹಾಜರಿಗೆ ಹೆಬ್ಬೆಟ್ಟು ಒತ್ತುವ ಮಷಿನ್ ಆಫ್ ಮಾಡಿದ್ದರು. ನಮ್ಮ ಫೋನುಗಳನ್ನು ದಿನದಂತೆ ಟ್ರೇಗೆ ಹಾಕಿಸಿಕೊಂಡರು, ಅವತ್ತು ಸ್ವಿಚ್ ಆಫ್ ಮಾಡಿಸಿ. ಯಾರು ಬಂದು ಕೇಳಿದರೂ "ಅಂಗಡಿ ಬಂದ್, ಒಳಗ ಯಾರೂ ಇಲ್ಲ" ಎನ್ನಬೇಕೆಂದು ವಾಚ್‌ಮನ್‌ಗೆ ಹೇಳಿಟ್ಟಿದ್ದರು. ಕಳ್ಳತನಕ್ಕೆ ಬಂದವರ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಮಹಡಿ ಹತ್ತಿದೆವು.

ಸಂಡೂರಿನವರು ಒಳ್ಳೆಯ ಜನ, ಸುಳ್ಳು ಹೇಳಬಾರದು. ಡಬ್ಬಿಯಲ್ಲಿ ಹೋಳಿಗೆ ತಂದು ನಮಗೂ ಕೊಟ್ಟರು. ಮದುಮಗಳು ಸಣ್ಣ ದನಿಯ ಹುಡುಗಿ. ಹಳದಿಗೆ ಕೆಂಪು ಅಂಚಿನ ಸೀರೆಯ ತುದಿಗೆ ಕುಂಕುಮ ಹಚ್ಚಿ, ನಾನು ಅದನ್ನು ಬಿಚ್ಚಿ ಅವಳ ಹೆಗಲ ಮೇಲೆ ಹಾಕಿದೆ. "ಅಕ್ಕಾರ, ಖರೇ ಹೇಳ್ರಿ, ನನಗ ಒಪ್ತೈತೇನು?" ಎಂದು ಕಿವಿಯಲ್ಲಿ ಕೇಳಿದಳು. ಒಪ್ಪಿತ್ತು. ಅವಳ ತಾಯಿ ನನ್ನ ಕೈಗೆ ಎಲೆ ಅಡಿಕೆ ಕೊಟ್ಟು, "ನಿನ್ನ ಕೈಗುಣ ಚೊಲೋ ಐತವ್ವ" ಎಂದರು. ಆ ಮಾತು ಕೇಳಿ ನನಗೆ ಸಂತೋಷವಾಯಿತು.

ಆಮೇಲೆ ಷಟರ್ ಬಡಿದ ಸದ್ದು.

ಸಾವ್ಕಾರರು ತುಟಿಯ ಮೇಲೆ ಬೆರಳಿಟ್ಟು ಫ್ಯಾನ್ ಆರಿಸಿದರು. ಸಂಘದವರು ಬಂದಿದ್ದಾರೆ ಎಂದೇ ಎಲ್ಲರ ಲೆಕ್ಕ. ಕೈಯಲ್ಲಿದ್ದ ಸೀರೆ ಕೈಯಲ್ಲೇ ಹಿಡಿದು ಕೂತೆವು. ಷಟರಿನ ಹಿಂದೆ ಗಾಜಿನ ಬಾಗಿಲು, ಅದರ ಹಿಂದೆ ಮೆಟ್ಟಿಲು. ಹೊರಗಿನ ಮನುಷ್ಯರ ದನಿ ಮೇಲಕ್ಕೆ ಬರುವುದಿಲ್ಲ, ತಗಡಿನ ಸದ್ದು ಮಾತ್ರ ಬರುತ್ತದೆ. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಮತ್ತೆ ಸೀರೆಗಳು ಬಿಚ್ಚಿಕೊಂಡವು. ಮದುಮಗಳದ್ದು ಮುಗಿದು ಬೀಗರ ಸೀರೆ ಶುರುವಾದಾಗ ಎರಡನೇ ಸಲ ಬಡಿದರು. ಈ ಸಲ ಭಾಳ ಜೋರು, ಭಾಳ ಹೊತ್ತು. ಮದುಮಗಳ ಸೋದರತ್ತೆಯೊಬ್ಬಳು, "ಪಾಪ, ಸಂಘದವ್ರಿಗೆ ಮನಿಯಾಗ ಯಾರೂ ಹೋಳಿಗಿ ಹಾಕಿಲ್ಲ ಕಾಣ್ತದ" ಎಂದಳು. ಎಲ್ಲರಿಗೂ ತಡೆಯಲಾರದ ನಗು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಅರ್ಧ ದಿನ ಎಂದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಸಂದಿಗೆ ಬಂದು ಫೋನ್ ಆನ್ ಮಾಡಿದರೆ ಮೆಸೇಜಿನ ಮೇಲೆ ಮೆಸೇಜು: ಅಣ್ಣನ ಕರೆಗಳು, ಗಂಡನ ಕರೆಗಳು, ಮತ್ತೆ ಅಣ್ಣನದು. ಅಣ್ಣನಿಗೆ ಹಚ್ಚಿದೆ.

"ಎಲ್ಲಿದ್ದಿ?"

"ಅಂಗಡ್ಯಾಗಣ್ಣ. ಯಾಕ?"

"ಅವ್ವ ಹೋದ್ಲು" ಎಂದ. ಫೋನ್ ಇಟ್ಟ.

ಕಂಪ್ಲಿಯಲ್ಲಿ ಬೆಳಿಗ್ಗೆ ಪೂಜೆಗೆ ಕೂತಾಗ ಅವ್ವನಿಗೆ ಎದೆ ಹಿಡಿದಿತ್ತಂತೆ. ಅಣ್ಣ ಅತ್ತಿಗೆ ಇಬ್ಬರೂ ಆಕೆಯನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆತಂದಿದ್ದರು. ನಾನು ಕೂತಿದ್ದ ಮಹಡಿಯಿಂದ ಆ ಆಸ್ಪತ್ರೆಗೆ ನಡೆದೇ ಹೋಗಬಹುದು. ಅವ್ವ ನನ್ನನ್ನು ಕೇಳುತ್ತಿದ್ದಳು. ಕರೆತರಲು ನನ್ನ ಗಂಡ ಬೈಕಿನಲ್ಲಿ ಅಂಗಡಿಗೆ ಬಂದಿದ್ದರು. ಬೀಗ ನೋಡಿ, ವಾಚ್‌ಮನ್‌ನ ಮಾತು ಕೇಳಿ, ಆದರೂ ಷಟರ್ ಬಡಿದು ನೋಡಿ ತಿರುಗಿ ಹೋಗಿದ್ದರು. ಮತ್ತೆ ಬಂದು ಬಡಿದಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವ್ವ ಇರಲಿಲ್ಲ, ಕಂಪ್ಲಿಗೆ ಒಯ್ದರು. ಇದೆಲ್ಲ ನನಗೆ ಆಮೇಲೆ ಒಬ್ಬೊಬ್ಬರಿಂದ ಒಂದಿಷ್ಟು ತಿಳಿದದ್ದು.

ಹಬ್ಬದ ದಿನ ಕಂಪ್ಲಿಗೆ ಬಸ್ಸು ಸಿಗದೆ ಒಂದು ಆಟೋದವನ ಕೈಕಾಲು ಹಿಡಿದು ಹೋದೆ. ಹೊರಗಿನ ಕಟ್ಟೆಯ ಮೇಲೆ ಅವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ನಾನು ಹೋಗಿ ಕಾಲ ಮೇಲೆ ಬಿದ್ದಾಗ ಸುತ್ತ ಕೂತ ಹೆಂಗಸರು ಅಳು ನಿಲ್ಲಿಸಿ ನನ್ನನ್ನೇ ನೋಡಿದರು. ಸಾವಿನ ಮನೆಯಲ್ಲಿ ಮಗಳು ಬಂದರೆ ಅಳು ಹೆಚ್ಚಾಗಬೇಕು, ನಾನು ಬಂದಾಗ ನಿಂತಿತು. ನನ್ನ ಗಂಡ ರಟ್ಟೆ ಹಿಡಿದು ಗೋಡೆಯ ಮರೆಗೆ ಕರೆದೊಯ್ದರು.

"ಎಲ್ಲಿಗೆ ಹೋಗಿದ್ದಿ?"

"ಅಂಗಡ್ಯಾಗ ಇದ್ದೆ ರೀ. ಆಣಿ ಮಾಡಿ ಹೇಳ್ತೀನಿ. ಹಿಂದಿನ ಬಾಗಿಲಿಂದ ಒಳಗ ಬಿಟ್ಕೊಂಡಿದ್ರು."

"ನಾ ಎರಡ್ ಸಲ ಬಂದು ಬಡದೀನಿ."

"ಕೇಳಿತ್ರಿ..."

"ಕೇಳಿತ್ತು, ಆದ್ರ ಬರಲಿಲ್ಲ. ಹೌದಿಲ್ಲೋ?" ಅವರು ರಟ್ಟೆ ಬಿಟ್ಟರು. "ನಿಮ್ಮವ್ವನ ಮುಖ ನೋಡಿ ನಾ ಏನ್ ಹೇಳಬೇಕಿತ್ತು ಆವಾಗ?"

ನಿಜ ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳುತ್ತಿತ್ತು. ಹಬ್ಬದ ದಿನ ಮಕ್ಕಳನ್ನು ಬಿಟ್ಟು, ಬೀಗ ಹಾಕಿದ ಅಂಗಡಿಗೆ ಹೋಗುತ್ತೇನೆಂದು ಹೇಳಿ, ಫೋನ್ ಆರಿಸಿಕೊಂಡು ಸಂಜೆತನಕ ಮಾಯವಾದ ಹೆಂಗಸು. ನಾನೇ ಬೇರೆಯವರ ಬಗ್ಗೆ ಇಂಥದ್ದು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದೆ?

ಮಣ್ಣು ಮುಗಿದ ಮೇಲೆ ಅವರು ಸಾವ್ಕಾರರನ್ನು ಕೇಳಲು ಅಂಗಡಿಗೆ ಹೋದರು. ಗಲ್ಲೆಯ ಎದುರಿಗೆ ಸಂಘದ ಅಧ್ಯಕ್ಷರು ಚಹಾ ಕುಡಿಯುತ್ತ ಕೂತಿದ್ದರಂತೆ. "ಹಬ್ಬದ ದಿನ ಇಡೀ ಬಜಾರ ಬಂದ್ ಇತ್ತಲ್ರಿ. ನಾವೂ ಬಂದ್ ಮಾಡಿದ್ವಿ" ಎಂದರಂತೆ ನಮ್ಮ ಸಾವ್ಕಾರರು. ನನ್ನ ಗಂಡ ಕೂಗಾಡಲಿಲ್ಲ. ಮನೆಗೆ ಬಂದು ಆ ಮಾತನ್ನು ಇದ್ದಂತೆ ನನಗೆ ಹೇಳಿ, ಡ್ಯೂಟಿಗೆ ಹೋದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ನಾನು ಹೋಗಿ ಸಾವ್ಕಾರರ ಮುಂದೆ ನಿಂತೆ. ಹೆದರಿಕೆಯೆಲ್ಲ ಎಲ್ಲಿ ಹೋಗಿತ್ತೋ. "ನಮ್ಮ ಮನಿಗೆ ಬಂದು ಒಂದ್ ಮಾತು ಹೇಳ್ರಿ, ಅಷ್ಟ ಸಾಕು" ಎಂದೆ. ಅವರು ಆಚೀಚೆ ನೋಡಿ ದನಿ ಇಳಿಸಿದರು. "ಅಧ್ಯಕ್ಷರು ಮುಂದ ಕುಂತಿದ್ರವ್ವ, ಏನ್ ಮಾಡ್ಲಿ? ಮ್ಯಾಲಾಗಿ ಇನ್ನೊಂದು ತಿಳ್ಕೋ. ಧಾರಿ ಸೀರಿ ತಗದಾಕಿ ತಾಯಿ ಅದ ಹೊತ್ತಿಗೆ ಸತ್ಲಂತ ಸಂಡೂರಿಗೆ ಗೊತ್ತಾದ್ರ ಏನಾಗ್ತೈತಿ? ಆ ಹುಡುಗಿ ಮದಿವಿ ಅದು. ನಿನಗೂ ಮಕ್ಕಳದಾವು." ಸೀಸನ್ ಮುಗಿದ ಮೇಲೆ ತಾವೇ ಬಂದು ಹೇಳುವುದಾಗಿ ಮಾತು ಕೊಟ್ಟರು. ಬರಲಿಲ್ಲ. ನಾನು ಕೆಲಸ ಬಿಟ್ಟೆ.

ಆ ಮನುಷ್ಯ ನನ್ನ ಬಾಯಿಗೆ ಹಾಕಿದ ಬೀಗ ಅದು, ಷಟರಿನದಕ್ಕಿಂತ ಗಟ್ಟಿ. ಸಂಡೂರು ದೂರವಿರಲಿಲ್ಲ. ಬಸ್ ಹತ್ತಿ ಹೋಗಿ ಆ ತಾಯಿಯ ಕಾಲು ಹಿಡಿದಿದ್ದರೆ, ಅವತ್ತು ನಾನು ಎಲ್ಲಿದ್ದೆ ಎಂದು ಅವರು ಹೇಳುತ್ತಿದ್ದರು. ಆದರೆ ಯಾಕೆ ಕೇಳುತ್ತೀ ಎಂದರೆ ನಾನೇನು ಹೇಳಲಿ? ನಾನು ಹೆಗಲ ಮೇಲೆ ಹಾಕಿದ ಸೀರೆಯನ್ನು ಅವರು ಸುಟ್ಟೇ ಬಿಡುತ್ತಿದ್ದರು. ಮುಂದೆ ಆ ಹುಡುಗಿಗೆ ಜ್ವರ ಬಂದರೂ ಗರ್ಭ ಇಳಿದರೂ ಅದಕ್ಕೆ ನಾನೇ ಕಾರಣಳಾಗುತ್ತಿದ್ದೆ. ಒಪ್ತೈತೇನು ಎಂದು ಕಿವಿಯಲ್ಲಿ ಕೇಳಿದ ಹುಡುಗಿ, ನನಗೇನು ಕೇಡು ಮಾಡಿದ್ದಳು? ಹೋಗಲಿಲ್ಲ.

ನನ್ನ ಜೊತೆ ಮೇಲಿನ ಮಹಡಿಯಲ್ಲಿದ್ದ ಹಿರಿಯಾಕೆಯೊಬ್ಬಳು ತಾನಾಗಿಯೇ ಮನೆಗೆ ಬಂದಳು. "ತಮ್ಮಾ, ನಾವೆಲ್ಲಾರೂ ಒಳಗ ಇದ್ವಿ. ಇಕೀದು ಏನೂ ತಪ್ಪಿಲ್ಲ" ಎಂದಳು. ನನ್ನ ಗಂಡ ಗೌರವದಿಂದ ಕೇಳಿದರು, ಚಹಾ ಕುಡಿಸಿ ಕಳಿಸಿದರು. ಆಕೆ ಹೋದ ಮೇಲೆ, "ಒಂದ ಅಂಗಡ್ಯಾಗ ದುಡಿಯೋರು ಒಂದ ಮಾತು ಹೇಳ್ತಾರ" ಎಂದರು. ಕೆಲವು ತಿಂಗಳಾದ ಮೇಲೆ ಒಂದು ದಿನ ಊಟ ಮಾಡುತ್ತ, "ಆಗಿದ್ದು ಆಗಿ ಹೋತು. ನಾ ಮರತೀನಿ, ನೀನೂ ಮರತುಬಿಡು" ಎಂದರು. ನನ್ನನ್ನು ಕ್ಷಮಿಸಿದ್ದರು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದರೆ ಅದನ್ನು ಎಲ್ಲಿ ಇಡಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವತ್ತು ಸಿಟ್ಟಿನಲ್ಲಿ ಉಣ್ಣದೆ ಎದ್ದೆ.

ಅದಕ್ಕೇ, ಹಬ್ಬದ ದಿನ ಅಂಗಡಿ ತೆಗೆಯಬೇಕೋ ಬೇಡವೋ ಎಂದು ಜನ ವಾದ ಮಾಡುವಾಗ ನನಗೆ ಮೈ ಉರಿಯುತ್ತದೆ. ಗಿರಾಕಿಗೆ ಅನುಕೂಲ, ಹುಡುಗಿಯರಿಗೆ ಎರಡು ಕಾಸು ಎನ್ನುತ್ತಾರೆ. ಬರುವುದಿಲ್ಲ ಎಂದವಳ ಕೆಲಸ ಮರುದಿನವೂ ಇರುತ್ತದೆಯೇ, ಮನೆಯವರು ಬಂದು ಕರೆದರೆ ಅವಳಿಗೆ ಕೇಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಅವ್ವನ ವರ್ಷದ ಕಾರ್ಯಕ್ಕೆ ಕಂಪ್ಲಿಗೆ ಹೋದೆ. ಅಣ್ಣ ಆಗಲೂ ಮುಖ ಕೊಟ್ಟು ಮಾತಾಡಲಿಲ್ಲ. ಬಂದವರೆಲ್ಲ ಉಂಡು ಹೋದ ಮೇಲೆ ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ನಾನು ತೊಳೆದು ಕೊಡುತ್ತಿದ್ದೆ. ಮಾತಿಗೆ ಮಾತು ಬಂದು ನಾನು ಕೇಳಿಯೇಬಿಟ್ಟೆ. ಮೊದಲ ಸಲವೇ ಬೀಗ ನೋಡಿ ಹೋದ ನನ್ನ ಗಂಡ, ಎರಡನೇ ಸಲ ಯಾಕೆ ಬಂದರು?

ಅತ್ತಿಗೆ ಕೈ ನಿಲ್ಲಿಸಿದಳು. "ನಿನಗ ಯಾರೂ ಹೇಳಿಲ್ಲೇನು? ಅಂಗಡಿ ಬಂದ್ ಐತಿ, ಒಳಗ ಯಾರೂ ಇಲ್ಲ ಅಂತ ಅವ್ರು ಬಂದು ಹೇಳಿದಾಗ ಅತ್ತಿ ಇನ್ನಾ ಎಚ್ಚರ ಇದ್ರು. ನಂಬಲೇ ಇಲ್ಲ. 'ಅಂಗಡಿಗೆ ಹೋಗ್ತೀನಿ ಅಂದಾಳಂದ್ರ ನನ್ನ ಮಗಳು ಅಂಗಡ್ಯಾಗ ಇರ್ತಾಳ. ಇನ್ನೊಮ್ಮಿ ಹೋಗಿ ಜೋರಾಗಿ ಬಡದು ನೋಡ್ರಿ, ಅಕೀಗೆ ಕೇಳ್ತೈತಿ' ಅಂತ ಅಳಿಯಗ ಕೈ ಮುಗದ್ರು."

ನನ್ನ ಗಂಡ ಜೋರಾಗಿಯೇ ಬಡಿದಿದ್ದರು. ಮೇಲಿನ ಮಹಡಿಗೆ ಚೆನ್ನಾಗಿ ಕೇಳಿಸಿತ್ತು.