ಮೈಕಿನ ಮುಂದೆ ಕೂರದ ಗಾದ್ರಪ್ಪ

ಮೊಳಕಾಲ್ಮೂರಿನ ಆಸುಪಾಸಿನಲ್ಲಿ ಮೈಕ್‌ಸೆಟ್ ಗಾದ್ರಪ್ಪ ಎಂದರೆ ಮನೆ ತೋರಿಸದವರಿಲ್ಲ. ಮದುವೆಯಿರಲಿ, ಬಯಲಾಟವಿರಲಿ, ಎಲೆಕ್ಷನ್ ಇರಲಿ, ಬೇವಿನ ಮರ ಹತ್ತಿ ಹಾರ್ನ್ ಕಟ್ಟುತ್ತಿದ್ದವರು ಅವರೇ. ಜಟಿಂಗ ರಾಮೇಶ್ವರದ ಬೆಟ್ಟಕ್ಕೂ ಬ್ಯಾಟರಿ ಹೊತ್ತು ಹತ್ತಿದ್ದಾರೆ. ಅಲ್ಲಿಂದ ಬಿಟ್ಟ ದನಿ ಸಿದ್ದಾಪುರದ ಕಡೆ ಕುರಿ ಕಾಯುವವರಿಗೂ ಮುಟ್ಟುತ್ತಿತ್ತು ಎಂದು ಹೇಳುವಾಗ ಅವರ ಮುಖ ಇಂದಿಗೂ ಅರಳುತ್ತದೆ. ಆಮೇಲೆ ಡಿಜೆ ಬಂತು. ಲಾರಿ ತುಂಬ ಪೆಟ್ಟಿಗೆ ಪೇರಿಸಿಕೊಂಡು ಎದೆ ನಡುಗಿಸುವವರು ಬಂದರು. ಗಾದ್ರಪ್ಪ ಹಾರ್ನುಗಳನ್ನು ಅಟ್ಟಕ್ಕೇರಿಸಿ, ಜಗಲಿಯಲ್ಲಿ ಕೂತು ಅವರಿವರ ಆಂಪ್ಲಿಫೈಯರ್ ರಿಪೇರಿ ಮಾಡತೊಡಗಿದರು.

ಈ ವರ್ಷ ಅವರಿಗೆ ಒಂದು ಆಸೆ ಹುಟ್ಟಿತು. ಬಯಲಾಟಗಳಿಗೆ ಮೈಕ್ ಕಟ್ಟಿದಾಗೆಲ್ಲ ಪದಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು ಟ್ರಂಕಿನ ತುಂಬ ಇತ್ತು. ಊರಿಗೆಲ್ಲ ಕೇಳಿಸಿದ್ದರೇ ಹೊರತು ಅವರು ನೆಮ್ಮದಿಯಾಗಿ ಕೂತು ಕೇಳಿದ್ದಿಲ್ಲ. ಮೈಕಿನವನ ಜಾಗ ಯಾವಾಗಲೂ ಹಾರ್ನಿನ ಬೆನ್ನಿಗೆ. ಈಗ ಓಣಿಯ ಕಡೆ ಕಿಟಕಿಯಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿ, ಒಂದು ಕುರ್ಚಿ ಹಾಕಿಕೊಂಡು, ಎಲ್ಲವನ್ನೂ ಒಂದೊಂದಾಗಿ ಕೇಳಬೇಕು. ಅಷ್ಟೇ.

ಆ ಕೋಣೆಯ ಗೋಡೆಯಾಚೆಗೇ ತೊಟ್ಟಿಲಿದೆ ಎನ್ನುವುದು ಸೊಸೆ ದಿವ್ಯಾಳ ಚಿಂತೆ. ದಾವಣಗೆರೆಯಲ್ಲಿ ಓದಿ ಬೆಳೆದವಳು ಅವಳು. ಮಗಳು ಆಶಾ ಸೀನಿದರೆ ಫೋನು ತೆಗೆದು ಓದುತ್ತಾಳೆ. ಓದಿದ ಮೇಲೆ ಸೀನಿಗಿಂತ ದೊಡ್ಡ ಕಾಯಿಲೆಯೇನೋ ಕಂಡಂತಾಗಿ ಊಟ ಬಿಡುತ್ತಾಳೆ. ಮಾವನ ಆಸೆಗೆ ಅಡ್ಡ ಬರಲು ಅವಳಿಗೆ ಮನಸ್ಸಿಲ್ಲ. ಆದರೆ ಎಳೆಯ ಕಿವಿ.

ಒಂದು ಮಧ್ಯಾಹ್ನ ಗಾದ್ರಪ್ಪ ಯಾರೋ ಡಿಜೆಯವರು ಮಾರಿಬಿಟ್ಟ ಎರಡು ಪೆಟ್ಟಿಗೆಗಳನ್ನು ಮಗ ದುರುಗೇಶನ ಟೆಂಪೋದಲ್ಲಿ ತರಿಸಿದರು. ನಿಲ್ಲಿಸಿದರೆ ಎದೆಮಟ್ಟ ಬರುವ ಪೆಟ್ಟಿಗೆಗಳು. ಅವನ್ನು ಕೋಣೆಗೆ ತುರುಕಿ, ಅಭ್ಯಾಸಬಲದಿಂದ ಎರಡರ ಮುಖವನ್ನೂ ಕಿಟಕಿಗೆ ಕೊಟ್ಟು, ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಹೆಂಡತಿ ರೇಣುಕಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ನೋಡವ್ವ ದಿವ್ಯಾ, ನಿಮ್ಮ ಮಾವನ ಚಂದವಾ. ಕೇಳೋರು ಇವ್ರು, ಹಾಡು ಮಾತ್ರ ಓಣಿಗೆ."

ಗಾದ್ರಪ್ಪ ನಾಚಿಕೊಂಡು ಪೆಟ್ಟಿಗೆ ತಿರುಗಿಸಿದರು. ಆಮೇಲೆ ಸ್ವಿಚ್ ಹಾಕಿದರು. ಅಡಿಗೆಮನೆಯ ಸ್ಟೀಲ್ ತಟ್ಟೆಗಳು ಗೂಡಿನಲ್ಲೇ ಕುಣಿದವು, ಸೂರಿನಿಂದ ಮಣ್ಣು ಉದುರಿತು. ಭಾಗವತರ ದನಿ ಯಾವುದು, ಮದ್ದಳೆ ಯಾವುದು ಎಂದು ಗೊತ್ತಾಗದಂತೆ ಇಡೀ ಕೋಣೆ ಗುಮ್ಮೆಂದಿತು. ದಿವ್ಯಾ ಕೈಯಲ್ಲಿದ್ದ ಹಿಟ್ಟನ್ನು ಅಲ್ಲೇ ಬಿಟ್ಟು ತೊಟ್ಟಿಲಿಗೆ ಓಡಿದಳು.

ಆಶಾ ಮಲಗಿದ್ದಳು. ರೆಪ್ಪೆ ಕೂಡ ಅಲುಗಿರಲಿಲ್ಲ.

ರೇಣುಕಮ್ಮನಿಗೆ ಖುಷಿಯೋ ಖುಷಿ. ಮೈಕ್‌ಸೆಟ್ ಮನೆಯ ಕೂಸು ಅಂದರೆ ಹೀಗಿರಬೇಕು ಎಂದು ದೃಷ್ಟಿ ತೆಗೆದಳು. ದಿವ್ಯಾ ಮಾತ್ರ ತೊಟ್ಟಿಲ ಬಳಿಯಿಂದ ಏಳಲಿಲ್ಲ. ಮಗು ಎದ್ದ ಮೇಲೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದಳು. ತಟ್ಟೆ ಬೀಳಿಸಿದಳು. ಆಶಾ ತನ್ನ ಕಾಲ್ಬೆರಳು ಹಿಡಿಯುವ ಕೆಲಸದಲ್ಲಿ ಮುಳುಗಿದ್ದಳು, ತಿರುಗಲಿಲ್ಲ. ನಿನಗೆ ದಿನಕ್ಕೊಂದು ಕಾಯಿಲೆ ಹುಡುಕದಿದ್ದರೆ ಆಗಲ್ಲ ಎಂದು ನಕ್ಕು ದುರುಗೇಶ ಟೆಂಪೋ ಬಾಡಿಗೆಗೆ ಹೋದ. ದಿವ್ಯಾ ಒಬ್ಬಳೇ ಕೂತು ದಾವಣಗೆರೆಯ ಆಸ್ಪತ್ರೆಗೆ ಫೋನು ಮಾಡಿದಳು. ಕಿವಿ ಪರೀಕ್ಷೆಗೆ ಮುಂದಿನ ಸೋಮವಾರ ಬನ್ನಿ ಎಂದರು. ಸೋಮವಾರದವರೆಗೆ ಹೇಗಿರುವುದು?

ಕೊನೆಗೆ ಅವಳು ಹೇಳಿಕೊಂಡದ್ದು ಮಾವನಿಗೆ. ಅವರು ಜಗಲಿಯಲ್ಲಿ ತಂತಿ ಬೆಸೆಯುತ್ತಿದ್ದರು. ಅವರ ಬಲಗಿವಿ ಎಂದೋ ಮಂದವಾಗಿದ್ದುದರಿಂದ ಅವಳು ಎಡಕ್ಕೆ ಹೋಗಿ ಕೂತಳು.

"ಮಾವ, ಆಶಾಗೆ ಕೇಳ್ತಿಲ್ಲ ಅನ್ಸುತ್ತೆ."

ಗಾದ್ರಪ್ಪ ಬೆಸೆಯುವುದನ್ನು ನಿಲ್ಲಿಸಿದರು. ಅವಳು ಬಸುರಿಯಾಗಿದ್ದಷ್ಟು ಕಾಲವೂ ಇದೇ ಜಗಲಿಯಲ್ಲಿ ಆಂಪ್ಲಿಫೈಯರ್ ಕೂಗಿಸಿದ್ದು ಅವರಿಗೆ ನೆನಪಾಗಿರಬೇಕು. ಎದ್ದು ಕೋಣೆಗೆ ಹೋಗಿ ಎರಡೂ ಪೆಟ್ಟಿಗೆಗಳ ವಯರ್ ಕಿತ್ತರು. ಅವನ್ನು ಹೊರಗೆ ಎಳೆದು ಹಾಕಿದರು.

ಮರುದಿನ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಂದು ನಿಂತರು. "ಕೂಸನ್ನ ಕರ್ಕೋ ದಿವ್ಯವ್ವ. ಚಳ್ಳಕೆರೆಗೆ ಹೋಗಿ ಸಣ್ಣ ಪೆಟ್ಟಿಗೆ ತರಣ. ನಂಗೆ ಸಣ್ಣ ದನಿ ತಿಳಿಯಾಕಿಲ್ಲ, ನೀನೇ ಕೇಳಿ ಆರಿಸು."

ತಳಕು ಊರು ದಾಟುವಾಗ ಬಸ್ಸಿನವನು ಉದ್ದಕ್ಕೂ ಹಾರ್ನ್ ಹೊಡೆದ. ದಿವ್ಯಾ ಮಗುವಿನ ಮುಖವನ್ನೇ ನೋಡುತ್ತಿದ್ದಳು. ಗಾದ್ರಪ್ಪ ಕಿಟಕಿಯಾಚೆ ನೋಡುವವರಂತೆ ಕೂತು ಅದೇ ಮುಖವನ್ನು ನೋಡುತ್ತಿದ್ದರು. ಆಶಾ ಬೆಚ್ಚಲಿಲ್ಲ.

ಚಳ್ಳಕೆರೆಯಲ್ಲಿ ಅಂಗಡಿ ಇಟ್ಟಿದ್ದ ಜಂಬುಲಿಂಗಪ್ಪ ಒಂದು ಕಾಲಕ್ಕೆ ಅವರ ಎದುರಾಳಿ ಮೈಕ್‌ಸೆಟ್‌ನವನು. ಅವನು ಸಹಜವಾಗಿಯೇ ದೊಡ್ಡ ಪೆಟ್ಟಿಗೆಗಳ ಕಡೆ ನಡೆದ. ಇಬ್ಬರು ಕೂತು ಕೇಳುವಂಥದ್ದು ಸಾಕು ಎಂದು ಗಾದ್ರಪ್ಪ ಹೇಳಿದಾಗ ನಿಂತು ನೋಡಿದ.

"ಏನ್ಲೇ ಗಾದ್ರಾ, ಬೆಟ್ಟದ ಮ್ಯಾಲೆ ಕೂಗ್ಸಿದೋನು ನೀನು. ಈಗ ಪಿಸುಮಾತಿಂದು ಕೇಳ್ತೀಯಾ?"

"ವಯಸ್ಸಾತಲ್ಲೋ," ಎಂದರು ಗಾದ್ರಪ್ಪ. ಮಗುವಿನ ವಿಷಯ ಎತ್ತಲಿಲ್ಲ.

ಫೋನಿನಲ್ಲಿ ಓದಿದ್ದು ದಿವ್ಯಾಳಿಗೆ ತಲೆ ತುಂಬ ಇತ್ತು. ಸಣ್ಣ ಕೋಣೆಗೆ ದೊಡ್ಡ ಪೆಟ್ಟಿಗೆ ಗುಮ್ಮೆನ್ನುತ್ತದೆ, ಗೋಡೆಯ ಮೂಲೆಗೆ ಒತ್ತಿಡಬಾರದು, ಎರಡು ಪೆಟ್ಟಿಗೆಗಳೂ ಕೂತವರೂ ಸೇರಿ ತ್ರಿಕೋನದಂತಿರಬೇಕು. ಆದರೆ ನಾಲ್ಕು ಜೋಡಿ ಕೇಳಿದ ಮೇಲೆ ಎಲ್ಲವೂ ಕಲಸಿಹೋಯಿತು. ಕೊನೆಗೆ, ಮನೆಯಿಂದ ತಂದಿದ್ದ ಕ್ಯಾಸೆಟ್ಟಿನಲ್ಲಿ ಭಾಗವತರು ಪದ ಎತ್ತುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿಸಿದ ಜೋಡಿಯನ್ನು ತೋರಿಸಿದಳು. ತೊಡೆಯ ಮೇಲಿಟ್ಟುಕೊಳ್ಳುವಷ್ಟು ಪುಟ್ಟವು. ಬೀದಿಯ ಸದ್ದಿನಲ್ಲಿ ಆಶಾ ಅಲ್ಲೂ ತಿರುಗಲಿಲ್ಲ.

ಕೋಣೆ ಬೋಳಾಗಿದ್ದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ ಎಂದು ಅವಳು ಹೇಳಿದ್ದಕ್ಕೆ, ಗಾದ್ರಪ್ಪ ಸಂತೆಪೇಟೆಯ ಕಡೆ ಹೋಗಿ ಕರಿ ಕಂಬಳಿಗಳನ್ನು ತಂದರು. ಮನೆಗೆ ಬಂದು ಅವನ್ನು ಮೂರೂ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟರು. ಕೋಣೆಯೆಲ್ಲ ಕುರಿಹಟ್ಟಿಯ ವಾಸನೆ. ಹಳೆಯ ಮೈಕಿನ ಟ್ರಂಕುಗಳನ್ನು ನಿಲ್ಲಿಸಿ ಅವುಗಳ ಮೇಲೆ ಸ್ಪೀಕರ್ ಇಟ್ಟಾಗ, ಒಳಗೆ ಬಂದ ರೇಣುಕಮ್ಮನ ಮಾತೇ ತಗ್ಗಿಹೋಯಿತು. ಆ ಕೋಣೆಯಲ್ಲಿ ಜೋರಾಗಿ ಮಾತಾಡಲು ಯಾರಿಗೂ ಆಗುತ್ತಿರಲಿಲ್ಲ.

ದಿವ್ಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಸ್ಪೀಕರ್‌ಗಳ ನಡುವೆ, ಎದುರಿಗೆ, ಚಾಪೆಯ ಮೇಲೆ ಕೂತಳು. ಗಾದ್ರಪ್ಪ ಆಂಪ್ಲಿಫೈಯರ್ ಹತ್ತಿರ ಬಗ್ಗಿ ಒಂದು ಸ್ಪೀಕರಿನ ವಯರ್ ಬಿಚ್ಚಿಟ್ಟರು. "ಒಂದೇ ಕಡೆ ಹಾಡ್ಲಿ. ಆಗ ಗೊತ್ತಾಗ್ತೈತೆ," ಎಂದಷ್ಟೇ ಹೇಳಿ ಕ್ಯಾಸೆಟ್ ಹಾಕಿದರು. ಹಾಲು ಕಾಯಿಸುವವಳು ಉರಿ ಹೆಚ್ಚಿಸುವ ಹಾಗೆ ವಾಲ್ಯೂಮನ್ನು ನಿಧಾನ ತಿರುಗಿಸಿದರು.

ದನಿ ಬಂತು. ದೂರದ ಹಟ್ಟಿಯಲ್ಲಿ ಯಾರೋ ಹಾಡುತ್ತಿರುವಷ್ಟು ತೆಳ್ಳಗೆ.

ಆಶಾಳ ಬಾಯಲ್ಲಿದ್ದ ಬೆರಳು ನಿಂತಿತು. ಕತ್ತು ಒಂದಿಷ್ಟು ಅಲುಗಿತು. ಆಮೇಲೆ ಇಡೀ ಮುಖ ಎಡಕ್ಕೆ ತಿರುಗಿತು, ಗೊತ್ತಿರುವವರು ಕರೆದಂತೆ.

ದಿವ್ಯಾಳಿಗೆ ನಂಬಿಕೆ ಬರಲಿಲ್ಲ. ತಾನೇನಾದರೂ ತೊಡೆ ಅಲುಗಿಸಿದೆನೇ? ಗಾದ್ರಪ್ಪ ವಯರನ್ನು ಇನ್ನೊಂದು ಬದಿಗೆ ಬದಲಿಸಿದರು. ಆಶಾ ಸ್ವಲ್ಪ ಹೊತ್ತು ಎಡಗಡೆಯನ್ನೇ ನೋಡಿ, ಇಲ್ಲಿದ್ದವರು ಎಲ್ಲಿ ಹೋದರು ಎನ್ನುವಂತೆ ಹುಬ್ಬು ಗಂಟಿಕ್ಕಿ, ಬಲಕ್ಕೆ ತಿರುಗಿದಳು. ತಿರುಗಿ ನಕ್ಕಳು.

"ನಾ ಬಂಗಾರು ತಲ್ಲಿ," ಎಂದಳು ರೇಣುಕಮ್ಮ, ತವರಿನ ತೆಲುಗಿನಲ್ಲಿ, ನನ್ನ ಬಂಗಾರದಮ್ಮ ಎಂದು ಮುದ್ದಿಸುತ್ತ. "ಹೊಟ್ಟೇಲಿದ್ದಾಗಿಂದ ಗದ್ಲ ಕೇಳಿ ಕೇಳಿ ಅದಕ್ಕೆ ಗದ್ಲ ಲೆಕ್ಕಕ್ಕಿಲ್ಲ ಕಣೇ. ಮೆತ್ತಗೆ ಕರೆದ್ರೆ ನೋಡ್ತೈತೆ."

ಹಾಗೂ ಇರಬಹುದು, ಇಲ್ಲದಿರಲೂಬಹುದು. ಸೋಮವಾರ ದಾವಣಗೆರೆಗೆ ಹೋಗುವುದನ್ನು ದಿವ್ಯಾ ಬಿಡುವವಳಲ್ಲ. ಆದರೆ ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಹೆಗಲು ಕೆಳಗಿಳಿಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಾವನ ಕಡೆ ನೋಡಿದಳು.

ಗಾದ್ರಪ್ಪ ಇನ್ನೂ ಬಗ್ಗಿಕೊಂಡೇ ಇದ್ದರು. ಮೊಮ್ಮಗಳ ಮುಖ ನೋಡುತ್ತಿದ್ದರು, ಆಮೇಲೆ ಸ್ಪೀಕರ್, ಮತ್ತೆ ಮುಖ.

"ಹಾಡ್ತೈತೇನವ್ವಾ ಅದು?" ಎಂದು ಕೇಳಿದರು.

ಅವರಿಗೆ ಕೇಳುತ್ತಿರಲಿಲ್ಲ. ಆ ಸಣ್ಣ ದನಿ ಅವರ ಕಿವಿಯವರೆಗೆ ಮುಟ್ಟಿಯೇ ಇರಲಿಲ್ಲ. ಕೂಸಿನ ಕತ್ತು ತಿರುಗಿದ್ದರಿಂದಲೇ ಹಾಡು ಶುರುವಾಗಿದೆ ಎಂದು ತಿಳಿದಿದ್ದರು.

ದಿವ್ಯಾ ಎದ್ದಳು. ಕುರ್ಚಿಯನ್ನು ಎರಡು ಸ್ಪೀಕರ್‌ಗಳ ಎದುರಿಗೆ ಎಳೆದು, ಎಡಗಿವಿ ಹತ್ತಿರವಾಗುವ ಹಾಗೆ ಓರೆಯಾಗಿ ಇಟ್ಟಳು. ಮಾವನ ತೋಳು ಹಿಡಿದು ಕೂರಿಸಿ, ಮಗುವನ್ನು ಅವರ ಮಡಿಲಿಗೆ ಕೊಟ್ಟಳು. ಬಿಚ್ಚಿದ್ದ ವಯರನ್ನು ಅವರು ಹೇಳಿದಂತೆ ಸಿಕ್ಕಿಸಿದಳು. ಆಮೇಲೆ, ಆ ಮನೆಗೆ ಬಂದಾಗಿನಿಂದ ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದವಳು, ತಾನೇ ವಾಲ್ಯೂಮ್ ಹಿಡಿದು, ಮಾವನ ಮುಖವನ್ನೇ ನೋಡುತ್ತಾ ಒಂಚೂರು ಏರಿಸಿದಳು. ಇನ್ನೊಂಚೂರು.

"ಬಂತು ನೋಡು," ಎಂದರು ಗಾದ್ರಪ್ಪ. "ಸಾಕು, ಬಿಡು."