ಗುನ್ನೆಲ್ ಕಳಿಸಿದ ನೂರ ಹದಿನೆಂಟು ಚಿತ್ರಗಳು

ಲೋವ್‌ಹಾಮ್ನ ಎಂಬ ಊರಿನ ಅಂಚೆಯನ್ನು ಗುನ್ನೆಲ್ ಮೂವತ್ನಾಲ್ಕು ವರ್ಷ ಹಂಚಿದಳು. ಬೇಸಿಗೆಯಲ್ಲಿ ಸೈಕಲ್ಲು, ಹಿಮ ಬಿದ್ದಾಗ ಕಾಲಲ್ಲಿ ಒದ್ದು ನೂಕುವ ಜಾರುಬಂಡಿ. ಅಷ್ಟು ವರ್ಷದಲ್ಲಿ ಊರಿನ ಬೆಂಚುಗಳ ಮೇಲೆ ಅವಳು ಒಂದೇ ಒಂದು ಸಲವೂ ಕೂತವಳಲ್ಲ. ಹಗಲು ಹೊತ್ತು ಬೆಂಚಿನ ಮೇಲೆ ಕೂತವರೆಲ್ಲ ಸೋಮಾರಿಗಳು ಅನ್ನುವುದು ಅವಳ ಗಟ್ಟಿ ಅಭಿಪ್ರಾಯ. ಅದನ್ನು ಅವರ ಮುಖಕ್ಕೇ ಹೇಳಿ ಮುಂದೆ ಹೋಗುತ್ತಿದ್ದಳು.

ನಿವೃತ್ತಿಯಾದ ಮೂರನೇ ಚಳಿಗಾಲದಲ್ಲಿ ಅಂಗಡಿ ಮುಂದೆ ಮಂಜುಗಡ್ಡೆ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಬ್ಬಿಣ ಹಾಕಿ ಕೂಡಿಸಿದರು, ತಳ್ಳಿಕೊಂಡು ನಡೆಯಲು ನಾಲ್ಕು ಗಾಲಿಯ ಊರುಗೋಲು ಕೊಟ್ಟರು. ಮೊದಲ ಸಲ ಆರೋಗ್ಯ ಕೇಂದ್ರದಿಂದ ಒಬ್ಬಳೇ ಮನೆಗೆ ಹೊರಟ ದಿನ ಅರ್ಧ ದಾರಿಯಲ್ಲೇ ಕಾಲು ನಡುಗಲು ಶುರುವಾಯಿತು. ಹೇಗೋ ಚರ್ಚಿನ ಇಳಿಜಾರಿನವರೆಗೆ ಬಂದು ಅಲ್ಲಿದ್ದ ಕಂದು ಬೆಂಚಿನ ಮೇಲೆ ಕುಸಿದಳು. ಅದರ ಇನ್ನೊಂದು ತುದಿಯಲ್ಲಿ ಅಲ್ಗೋತ್ ಕೂತಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಎರಡು ಬೆರಳು ಕಳೆದುಕೊಂಡ ಮುದುಕ, ವಯಸ್ಸು ಎಂಬತ್ತೆಂಟು.

"ಏನವ್ವಾ ಪೋಸ್ಟ್ ಗುನ್ನೆಲ್, ಸೋಮಾರಿಗಳ ಸಂಘಕ್ಕೆ ನೀನೂ ಸೇರ್ಬಿಟ್ಯಾ?"

"ಬಾಯ್ ಮುಚ್ಚು. ಸ್ವಲ್ಪ ಆಚೆ ಸರಿ."

ಅಂದಿನಿಂದ ಊರಿನ ನಕ್ಷೆಯೇ ಅವಳ ತಲೆಯಲ್ಲಿ ಬದಲಾಯಿತು. ಮೊದಲು ಮನೆ ನಂಬರುಗಳಿಂದ ಅಳೆಯುತ್ತಿದ್ದ ದಾರಿಯನ್ನು ಈಗ ಬೆಂಚುಗಳಿಂದ ಅಳೆದಳು. ಅಂಗಡಿಗೆ ಎರಡು ಬೆಂಚು. ಗ್ರಂಥಾಲಯಕ್ಕೆ ಮೂರು. ಹಳೇ ಮಿಲ್ಲಿನ ಗೇಟಿನವರೆಗೆ ಐದು, ಅದೂ ಮೈ ಚೆನ್ನಾಗಿದ್ದ ದಿನ.

ಹಾಗಿರುವಾಗ ಏಪ್ರಿಲ್‌ನಲ್ಲಿ ಒಂದು ದಿನ ಗ್ರಂಥಾಲಯದ ಗೋಡೆಗೆ ಅಂಟಿಸಿದ್ದ ಪುರಸಭೆಯ ಹಾಳೆಯೊಂದನ್ನು ಓದಿದಳು. ಊರಿನ ಮೂವತ್ತೊಂದು ಮರದ ಬೆಂಚುಗಳನ್ನು ತೆಗೆದುಹಾಕುವ ಯೋಚನೆಯಿದೆ. ಅವುಗಳ ಬಳಕೆ ತೀರಾ ಕಡಿಮೆ ಎಂದು ಪರಿಶೀಲನೆಯಲ್ಲಿ ತಿಳಿದುಬಂದಿದೆ. ಆಕ್ಷೇಪಣೆ ಇದ್ದವರು ಮೇ ಕೊನೆಯ ಶುಕ್ರವಾರ ಮಧ್ಯಾಹ್ನ ಹನ್ನೆರಡರ ಒಳಗೆ ಇ-ಮೇಲ್ ಮಾಡಬಹುದು.

"ಪರ್ವಾನೆ, ಈ ಪರಿಶೀಲನೆ ಯಾವಾಗ ಮಾಡಿದ್ರಂತೆ?"

ಪರ್ವಾನೆ ಗ್ರಂಥಾಲಯ ನೋಡಿಕೊಳ್ಳುವವಳು. ಟೆಹರಾನಿನಲ್ಲಿ ಹುಟ್ಟಿ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದವಳು, ಕಡತ ಹುಡುಕುವುದರಲ್ಲಿ ಗಟ್ಟಿಗಿತ್ತಿ. ಎರಡು ನಿಮಿಷದಲ್ಲಿ ವರದಿಯನ್ನು ತೆಗೆದು ತೋರಿಸಿದಳು. "ಫೆಬ್ರವರಿ ಎಂಟು, ಒಂಬತ್ತು. ಎರಡು ದಿನ."

"ಫೆಬ್ರವರೀಲಿ ಬೆಂಚು ಎಲ್ಲಿ ಕಾಣ್ಸುತ್ತೆ? ಎದೆಮಟ್ಟ ಹಿಮ! ಅದ್ರ ಮೇಲೆ ಯಾರು ಕೂತಿರ್ತಾರೆ, ಮೊಲಾನಾ?"

ವರದಿಯ ಕೆಳಗೆ ಬೀದಿ ಇಲಾಖೆಯ ಮುಖ್ಯಸ್ಥ ಸ್ತೆಲ್ಲನ್‌ನ ಸಹಿ ಇತ್ತು. ಅವನು ಪಕ್ಕದ ಪಟ್ಟಣದಿಂದ ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವವನು.

ಮರುದಿನದಿಂದ ಗುನ್ನೆಲ್ ಫೋನು ಹಿಡಿದು ಹೊರಟಳು. ಬೆಂಚಿಗೊಂದು ನಂಬರು ಕೊಟ್ಟಳು. ಕೂತವರ ಹತ್ತಿರ ಹೋಗಿ ಕೇಳಿ, ಅವರು ಹೂಂ ಅಂದ ಮೇಲಷ್ಟೇ ಚಿತ್ರ ತೆಗೆದಳು. ಯಾರು, ಯಾಕೆ ಕೂತಿದ್ದಾರೆ ಅನ್ನುವುದನ್ನು ಒಂದೊಂದು ಸಾಲಿನಲ್ಲಿ ಬರೆದುಕೊಂಡಳು. ಅವಳಿ ಮಕ್ಕಳಿಗೆ ಬಾಟಲಿ ಹಾಲು ಕುಡಿಸುತ್ತಿದ್ದ ಅಪ್ಪ, ಡಬ್ಬಿಯ ಊಟ ಬಿಚ್ಚಿದ ಗಾಜು ಒರೆಸುವವನು, ಬಸ್ಸಿಗೆ ಕಾದ ಹೆಂಗಸರು. ಮುತ್ತಿಡುತ್ತಿದ್ದ ಹುಡುಗ ಹುಡುಗಿ ಮುಖ ಬೇಡ ಅಂದು ಹಿಡಿದ ಕೈ ಮಾತ್ರ ತೋರಿಸಿದರು. ಆರೋಗ್ಯ ಕೇಂದ್ರದ ಎದುರಿನ ಇಪ್ಪತ್ತೆರಡನೇ ಬೆಂಚಿನಲ್ಲಿ ಕೂತಿದ್ದ ಹೆಂಗಸು, "ಮುಖ ಬೇಡ, ಬೇಕಾದ್ರೆ ಶೂ ಫೋಟೋ ತಗೊಳ್ಳಿ" ಅಂದಳು. ಗುನ್ನೆಲ್ ಶೂಗಳ ಚಿತ್ರವನ್ನೇ ತೆಗೆದು, ಪಕ್ಕದಲ್ಲಿ ಹತ್ತು ನಿಮಿಷ ಕೂತು ಅವಳ ಮಾತು ಕೇಳಿದಳು.

ಅಲ್ಗೋತ್ ಮಾತ್ರ ಗೊಣಗಿದ. "ಕಳ್ಳನ ಫೋಟೋ ತೆಗ್ದಂಗೆ ತೆಗೀತಿಯಲ್ಲೇ. ಅವ್ರು ಕೇಳೋರಲ್ಲ. ನಾನು ಮಿಲ್ಲು ಮುಚ್ಬೇಡ್ರಿ ಅಂತ ಎರಡು ಸಾವಿರ ಸಹಿ ಹಾಕ್ಸಿದ್ದೆ. ಮುಚ್ಲಿಲ್ವಾ?"

"ನೀನು ಹಾಕ್ಸಿದ್ದು ಸಹಿ. ನಂದು ಮುಖ. ನೆಟ್ಟಗೆ ಕೂತ್ಕೋ, ಟೋಪಿ ಸರಿ ಮಾಡ್ಕೋ."

ಮೇ ಕೊನೆಯ ವಾರದ ಹೊತ್ತಿಗೆ ನೂರ ಹದಿನೆಂಟು ಚಿತ್ರಗಳಾದವು. ಸೋಮವಾರ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಷ್ಟನ್ನೂ ಒಂದೇ ಇ-ಮೇಲಿಗೆ ಲಗತ್ತಿಸಿ ಕಳಿಸಿದಳು. ಕಾಫಿ ಲೋಟಕ್ಕೆ ಬರುವಷ್ಟರಲ್ಲಿ ಅದು ಹಿಂದಿರುಗಿತು. ಪತ್ರ ತುಂಬಾ ಭಾರ, ಪುರಸಭೆಯ ಡಬ್ಬಿಯಲ್ಲಿ ಹಿಡಿಸುವುದಿಲ್ಲವಂತೆ.

ಪರ್ವಾನೆ ಚಿತ್ರಗಳನ್ನೆಲ್ಲ ಒಂದು ಕಡೆ ಏರಿಸಿ ಅದರ ಲಿಂಕ್ ಕಳಿಸಲು ಕಲಿಸಿದಳು. ಹೊರಗಿನ ಲಿಂಕ್ ತೆರೆಯಲು ನಮಗೆ ಅನುಮತಿ ಇಲ್ಲ ಅಂತ ಉತ್ತರ ಬಂತು. ಮಂಗಳವಾರ ಚಿತ್ರಗಳನ್ನು ಕುಗ್ಗಿಸಿ ನೋಡಿದರು. ಅಷ್ಟು ಹಗುರ ಮಾಡುವಷ್ಟರಲ್ಲಿ ಅಲ್ಗೋತನ ಮುಖ ಬೆಂದ ಆಲೂಗಡ್ಡೆಯ ಹಾಗಾಯಿತು. ಗುನ್ನೆಲ್ ಆ ಕುಗ್ಗಿಸಿದ ಪ್ರತಿಯನ್ನು ಅಳಿಸಿಹಾಕಿದಳು. ಬುಧವಾರ ಸ್ತೆಲ್ಲನ್‌ನಿಂದಲೇ ಪತ್ರ ಬಂತು. ಬಹಳ ಮರ್ಯಾದೆಯ ಪತ್ರ. "ಗುನ್ನೆಲ್ ಅವರೇ, ನಿಮ್ಮ ಆಸಕ್ತಿಗೆ ವಂದನೆ. ಎಲ್ಲವನ್ನೂ ಕಳಿಸುವ ಅಗತ್ಯವಿಲ್ಲ. ಮಾದರಿಗೆ ಎರಡು ಮೂರು ಚಿತ್ರ ಆರಿಸಿ ಕಳಿಸಿದರೆ ಸಾಕು."

ಅವಳು ಅದನ್ನು ಎರಡು ಸಲ ಓದಿದಳು. ಕತ್ತಿನವರೆಗೆ ಕೆಂಪೇರಿತು.

"ಮಾದರಿಗಂತೆ! ಯಾರನ್ನ ಬಿಡ್ಲಿ? ಅವಳಿ ಮಕ್ಕಳಲ್ಲಿ ಒಂದನ್ನ ಬಿಡ್ಲಾ? ಕೇಳು ಪರ್ವಾನೆ, ನಾನು ಮೂವತ್ನಾಲ್ಕು ವರ್ಷ ಒಂದೊಂದು ಪತ್ರಾನೂ ಒಂದೊಂದು ಬಾಗ್ಲಿಗೆ ಹಾಕ್ದೋಳು. ಬೀದಿಗೆ ಮಾದರಿಗೆ ಅಂತ ಮೂರು ಕೊಟ್ಟು ಉಳಿದಿದ್ದನ್ನ ಕೆರೆಗೆ ಎಸೀಲಿಲ್ಲ."

"ಹಾಗಾದ್ರೆ ಏನ್ಮಾಡ್ತೀಯ?"

"ಒಂದು ಚಿತ್ರ, ಒಂದು ಇ-ಮೇಲ್. ನೂರ ಹದಿನೆಂಟು ಸಲ. ಒಂದೊಂದಾದ್ರೆ ಅವ್ರ ಡಬ್ಬೀಲಿ ಹಿಡ್ಸುತ್ತಲ್ಲ?"

ಪರ್ವಾನೆ ನಕ್ಕು ಕನ್ನಡಕ ತೆಗೆದಳು. ಪುರಸಭೆಗೆ ಬಂದ ಪತ್ರ ಯಾವುದೇ ಇರಲಿ, ಅದನ್ನು ದಾಖಲೆಗೆ ಸೇರಿಸಿ, ಕೇಳಿದ ಯಾರಿಗಾದರೂ ತೋರಿಸಲೇಬೇಕು. ಅದು ಅಲ್ಲಿನ ಹಳೇ ಕಾನೂನು, ಇಬ್ಬರಿಗೂ ಬಾಯಿಪಾಠ. "ಪಾಪ, ಮರಿತ್‌ಳ ಗತಿ ಏನು?" ಅಂದಳು. ಮರಿತ್ ಪುರಸಭೆಯ ದಾಖಲೆ ಗುಮಾಸ್ತೆ.

"ಅವ್ಳ ಕೆಲ್ಸ ಅವ್ಳು ಮಾಡ್ಲಿ. ನಾನು ಮಳೇಲಿ ಮಾಡ್ಲಿಲ್ವಾ?"

ಗುರುವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆದ ಕೂಡಲೇ ಕೂತಳು. ಬೆಂಚು ನಂಬರು, ಹೆಸರು, ಒಂದು ಸಾಲು, ಒಂದು ಚಿತ್ರ, ಕಳಿಸು. ಮತ್ತೆ ಬೆಂಚು ನಂಬರು. ಎದ್ದು ಸೊಂಟ ಸಡಿಲಿಸಿಕೊಂಡು ಮತ್ತೆ ಕೂತಳು. ಅರವತ್ತಮೂರನೆಯದು ಹೋಯಿತು. ಅರವತ್ತನಾಲ್ಕನೆಯದು ಹೋಗಲಿಲ್ಲ. ಪರದೆ ಮೇಲೆ ಕೆಂಪಕ್ಷರ ಮೂಡಿತು. ಇಷ್ಟೊಂದು ಪತ್ರ ಒಟ್ಟೊಟ್ಟಿಗೆ ಕಳಿಸುವವರು ಮೋಸಗಾರರಿರಬಹುದು, ನಿಮ್ಮ ಖಾತೆಯನ್ನು ಒಂದು ದಿನ ತಡೆಹಿಡಿಯಲಾಗಿದೆ.

ಗುನ್ನೆಲ್ ಪರದೆಯನ್ನೇ ನೋಡುತ್ತ ಕೂತಳು. ಐವತ್ತೈದು ಚಿತ್ರ ಉಳಿದಿದ್ದವು. ಆ ವಾರದಲ್ಲಿ ಮೊದಲ ಸಲ ಅವಳಿಗೆ ಸುಸ್ತಾಯಿತು. ಅಲ್ಗೋತ್ ಹೇಳಿದ ಎರಡು ಸಾವಿರ ಸಹಿ ನೆನಪಾಯಿತು.

"ನಾನು ಮೋಸಗಾತಿಯಂತೆ," ಅಂದಳು ಮೆಲ್ಲಗೆ. ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಸುಸ್ತು ಇಳಿದು ಮತ್ತೆ ಸಿಟ್ಟೇರಿತು. "ಆಯ್ತು. ನಾನೊಬ್ಳೇ ಕಳ್ಸೋದು ಬೇಡ. ಅವರವರ ಮುಖ ಅವರವರೇ ಕಳ್ಸ್ಲಿ."

ಚಿತ್ರ ತೆಗೆದಾಗ ಬಹಳ ಜನ ತಮಗೂ ಒಂದು ಪ್ರತಿ ಬೇಕು ಅಂತ ಫೋನ್ ನಂಬರು ಕೊಟ್ಟಿದ್ದರು. ಗುನ್ನೆಲ್ ಸಂಜೆಯವರೆಗೆ ಉಳಿದ ಒಬ್ಬೊಬ್ಬರಿಗೂ ಫೋನಿನಲ್ಲೇ ಅವರವರ ಚಿತ್ರ ರವಾನಿಸಿ, ಕೆಳಗೆ ಪುರಸಭೆಯ ವಿಳಾಸ ಬರೆದು, ನಾಳೆ ಹನ್ನೆರಡರ ಒಳಗೆ ಅಂತ ಸೇರಿಸಿದಳು. ಅವಳಿ ಮಕ್ಕಳ ಅಪ್ಪ ತನ್ನ ಚಿತ್ರದ ಜೊತೆ ಹೆಂಡತಿಯದನ್ನೂ ಅತ್ತೆಯದನ್ನೂ ಕಳಿಸಿದ. ಗಾಜು ಒರೆಸುವವನು ಜೊತೆಯವರಿಗೆಲ್ಲ ಹೇಳಿದ.

ಶುಕ್ರವಾರ ಬೆಳಿಗ್ಗೆ ಅವಳು ಗ್ರಂಥಾಲಯಕ್ಕೆ ಬಂದಾಗ ಅಲ್ಗೋತ್ ಆಗಲೇ ಬಂದು ಕಂಪ್ಯೂಟರಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ.

"ನಿನ್ಗೇನು ಇಲ್ಲಿ ಕೆಲ್ಸ?"

"ಈ ಪರ್ವಾನೆ ನನ್ಗೊಂದು ಇ-ಮೇಲ್ ವಿಳಾಸ ಮಾಡ್ಕೊಟ್ಳು. ಎಂಬತ್ತೆಂಟು ವರ್ಷ ಇಲ್ದೇ ಬದ್ಕಿದ್ದೆ, ಇವತ್ತು ಕೆಟ್ಟೆ." ಅವನು ಮೂರು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ. ಗುನ್ನೆಲ್ ಬಗ್ಗಿ ಓದಿದಳು. ಅವನ ಚಿತ್ರದ ಕೆಳಗೆ ಹೀಗಿತ್ತು: ನಾನು ಅಲ್ಗೋತ್. ಚರ್ಚಿನ ಇಳಿಜಾರಿನ ಒಂಬತ್ತನೇ ಬೆಂಚು ತೆಗೆದರೆ ನಾನು ಅಂಗಡಿಗೆ ಹೋಗಲಾರೆ. ಆಗ ನೀವೇ ನನಗೆ ಮನೆಗೆ ಸಾಸೇಜು ತಂದುಕೊಡಬೇಕು. ಅದಕ್ಕೆ ಹಚ್ಚುವ ಸಾಸಿವೆಯನ್ನೂ ಮರೆಯಬೇಡಿ.

"ನಿನ್ನ ಚಿತ್ರ ನಾನು ನಿನ್ನೆಯೇ ಕಳ್ಸಿದ್ದೆ."

"ನೀನು ಬರೆದ ಸಾಲಲ್ಲಿ ಸಾಸಿವೆ ಇರ್ಲಿಲ್ಲ."

ಹನ್ನೊಂದೂಕಾಲಿಗೆ ಅವಳ ಖಾತೆ ಮತ್ತೆ ತೆರೆಯಿತು. ಫೋನ್ ನಂಬರು ಇಲ್ಲದ ಏಳು ಜನ ಉಳಿದಿದ್ದರು. ಆ ಏಳನ್ನೂ ಅವಳೇ ಕಳಿಸಿದಳು. ಹನ್ನೆರಡೂ ಹತ್ತಕ್ಕೆ ಮರಿತ್‌ಳ ಫೋನು ಬಂತು.

"ಗುನ್ನೆಲ್, ಇನ್ನೂ ಇದೆಯೇನ್ರೀ? ನೂರ ಎಪ್ಪತ್ತೊಂದು ಆಯ್ತು. ನಿನ್ನೆಯಿಂದ ನೆಟ್ಟಗೆ ಊಟ ಮಾಡಿಲ್ಲ ನಾನು."

"ಹೊತ್ತು ಮೀರಿತಲ್ಲ, ಇನ್ನಿಲ್ಲ. ತೊಂದ್ರೆ ಆಯ್ತೇನಮ್ಮ?"

ಆ ಕಡೆ ಮರಿತ್ ಹಾಳೆ ತಿರುವಿದ ಸದ್ದು ಕೇಳಿಸಿತು. "ನಮ್ಮಮ್ಮ ಹದಿನಾಲ್ಕನೇ ಬೆಂಚಿನ ಚಿತ್ರದಲ್ಲಿದ್ದಾಳೆ," ಅಂದಳು. "ಅವಳು ಅಷ್ಟು ದೂರ ನಡೀತಾಳೆ ಅಂತಾನೇ ನನಗೆ ಗೊತ್ತಿರಲಿಲ್ಲ."

ಜೂನ್‌ನಲ್ಲಿ ಪುರಸಭೆಯ ಸಮಿತಿ ಸೇರಿತು. ಗುನ್ನೆಲ್ ಜನರಿಗೆ ಬಿಟ್ಟ ಕುರ್ಚಿಗಳ ಮೊದಲ ಸಾಲಿನಲ್ಲಿ ಕೂತಳು. ಸ್ತೆಲ್ಲನ್ ಎದ್ದು, ಎಣಿಕೆಗೆ ಫೆಬ್ರವರಿ ಒಳ್ಳೆಯ ತಿಂಗಳಾಗಿರಲಿಲ್ಲ ಅಂತ ಒಪ್ಪಿಕೊಂಡ. ಆದರೂ ಹಲಗೆಗಳು ಕೊಳೆಯುತ್ತಿವೆ, ನೋಡಿಕೊಳ್ಳಲು ಆಳಿಲ್ಲ ಅಂದ. ಅಧ್ಯಕ್ಷೆ ಪತ್ರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಸಾಸಿವೆಗೆ ಎಲ್ಲರೂ ನಕ್ಕರು. ಇಪ್ಪತ್ತೆರಡನೇ ಬೆಂಚಿನದಕ್ಕೆ ಬಂದಳು: "ಮುಖ ಬೇಡ ಅಂದರು, ಶೂ ಮಾತ್ರ. ಗಂಡನ ಚಿಕಿತ್ಸೆ ಮುಗಿದ ಮೇಲೆ ಅವರನ್ನು ಟ್ಯಾಕ್ಸಿ ಹತ್ತಿಸಿ, ತಾನು ಇಲ್ಲಿ ಕೂತು ಅತ್ತು ಮುಗಿಸಿ, ಆಮೇಲೆ ಮನೆಗೆ ಹೋಗುತ್ತಾರೆ." ಅಧ್ಯಕ್ಷೆ ಹಾಳೆ ಕೆಳಗಿಟ್ಟು ನೀರು ಕುಡಿದಳು.

ಇಪ್ಪತ್ತಾರು ಬೆಂಚು ಉಳಿದವು. ಐದು ಹೋದವು. ಹೋದವುಗಳಲ್ಲಿ ಹಳೇ ಮಿಲ್ಲಿನ ಗೇಟಿನದೂ ಒಂದು.

ಮರುದಿನ ಪರ್ವಾನೆ ಗ್ರಂಥಾಲಯಕ್ಕೆ ಏಲಕ್ಕಿ ಬನ್ನು ಮಾಡಿ ತಂದಳು. ಜನ ಬಂದು ಕೈ ಕುಲುಕಿದರು. ಗುನ್ನೆಲ್ ಬನ್ನು ತಿಂದಳು, ಎರಡು ಲೋಟ ಕಾಫಿ ಕುಡಿದಳು, ನಗಲಿಲ್ಲ.

"ಗೆದ್ಯಲ್ಲೇ," ಅಂದ ಅಲ್ಗೋತ್. "ಯಾಕೆ ಮುಖ ಹಿಂಗೆ?"

"ಐದು ಹೋಯ್ತು."

"ಐದು ಬಿಡು ಅತ್ಲಾಗೆ!"

"ನೀನು ಬಿಡು. ನಾನು ಯಾಕೆ ಬಿಡ್ಲಿ?"

ಮಿಲ್ಲಿನ ಗೇಟಿನ ಬೆಂಚು ಕಿತ್ತ ಮಾರನೇ ದಿನ, ಅವಳು ತನ್ನ ಅಡುಗೆಮನೆಯ ಬಿಳಿ ಕುರ್ಚಿಯನ್ನು ಊರುಗೋಲಿನ ಮೇಲೆ ಕಟ್ಟಿ ತಳ್ಳಿಕೊಂಡು ಹೋದಳು. ದಾರಿಯುದ್ದಕ್ಕೂ ನಾಲ್ಕು ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡಳು. ಬೆಂಚಿದ್ದ ಜಾಗದಲ್ಲಿ ಕುರ್ಚಿ ಇಟ್ಟು, ಸೈಕಲ್ಲಿನ ಹಳೇ ಬೀಗದ ಸರಪಳಿಯಿಂದ ದೀಪದ ಕಂಬಕ್ಕೆ ಬಿಗಿದು, ಅದರ ಮೇಲೆ ಕೂತಳು.

ಮೂರನೇ ದಿನ ಪುರಸಭೆಯ ಲಾರಿ ಬಂತು. ಕಿತ್ತಳೆ ಬಣ್ಣದ ಅಂಗಿಯ ಕೆಲಸಗಾರ ಇಳಿದು ಕುರ್ಚಿಯನ್ನೂ ಅವಳನ್ನೂ ನೋಡಿದ.

"ಇದನ್ನ ತೆಗೀಬೇಕಲ್ಲಮ್ಮ."

"ಯಾರು ಹೇಳಿದ್ದು? ಚೀಟಿ ತೋರ್ಸು."

ಬೆಂಚು ಕೀಳಲು ಕೊಟ್ಟಿದ್ದ ಹಾಳೆಯನ್ನೇ ಅವನು ಜೇಬಿನಿಂದ ತೆಗೆದು ಓದಿದ. ತಿರುವಿ ಹಿಂದುಗಡೆಯೂ ನೋಡಿದ. "ಇಲ್ಲಿ ಕಂದು ಬೆಂಚು ಅಂತಿದೆ," ಅಂದ.

"ಇದು ಏನು?"

"ಬಿಳಿ ಕುರ್ಚಿ."

"ಮತ್ತೆ?"

ಅವನು ತಲೆ ಕೆರೆದುಕೊಂಡ. ಹಾಳೆ ಮಡಚಿ ಜೇಬಿಗಿಟ್ಟು, "ಸರಪಳಿಗೆ ಎಣ್ಣೆ ಹಾಕಿ, ತುಕ್ಕು ಹಿಡ್ದಿದೆ," ಅಂದು ಲಾರಿ ಹತ್ತಿದ.