ಹೊಸ ಕಂಪ್ಯೂಟರಿಗೆ ಅವ್ವ ಮಾಡಿದ ಪೂಜೆ

ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಡೆದದ್ದು ಇದು. ಅಪ್ಪ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ಅವ್ವ, ಇಬ್ಬರೇ.

ನಮ್ಮದು ಬನಹಟ್ಟಿ. ಅಪ್ಪ ಸೀರೆಯ ಅಂಚು, ಸೆರಗುಗಳ ಡಿಸೈನನ್ನು ಚೌಕಳಿ ಕಾಗದದ ಮೇಲೆ ಬರೆದು ಮಗ್ಗದವರಿಗೆ ಕೊಡುತ್ತಿದ್ದರು. ನಾನು ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ಒಂದು ಸೆರಗು ತೆರೆದುಕೊಳ್ಳುವಷ್ಟರಲ್ಲಿ ಚಹಾ ಮಾಡಿ ಕುಡಿದು ಬರಬಹುದಿತ್ತು. ಅದಕ್ಕೇ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತ, ಹೊಸದನ್ನು ನಾನೇ ಜೋಡಿಸಿದೆ. ಜಮಖಂಡಿಯ ಅಂಗಡಿಯವರು ತಾವೇ ಜೋಡಿಸಿ ಕೊಡುತ್ತೇವೆ ಅಂದರೂ ಕೇಳಲಿಲ್ಲ. ನನಗೆ ಮೊದಲಿಂದಲೂ ಹಟ ಜಾಸ್ತಿ.

ನಮ್ಮ ಓಣಿಯಲ್ಲಿ ಅಮಾವಾಸ್ಯೆ ಅಂದರೆ ಮಗ್ಗಗಳಿಗೆ ರಜೆ. ಅವತ್ತು ಒರೆಸಿ, ಪೂಜೆ ಮಾಡಿ, ಕಾಯಿ ಒಡೆಯುತ್ತಾರೆ. ಹೊಸ ಮಷೀನು ಬಂದರೆ ಪೂಜೆಯಾಗುವ ತನಕ ಯಾರೂ ಅದನ್ನು ಚಾಲೂ ಮಾಡುವುದಿಲ್ಲ. ಪೂಜೆ ಮಾಡುವವಳು ಮನೆಯ ಮುತ್ತೈದೆ. ಪೂಜೆಗೆ ಮೊದಲು ಚಾಲೂ ಮಾಡಬಾರದೆಂಬ ಪದ್ಧತಿಯನ್ನು ನಾನೂ ಮುರಿಯಲಿಲ್ಲ. ಕಂಪ್ಯೂಟರನ್ನು ಒಮ್ಮೆಯೂ ಚಾಲೂ ಮಾಡಿ ನೋಡದೆ ಹಾಗೇ ಬಟ್ಟೆ ಮುಚ್ಚಿ ಇಟ್ಟಿದ್ದೆ.

ಅವತ್ತು ಅವ್ವ ಬೆಳಿಗ್ಗೆಯೇ ಹೋಳಿಗೆ ಮಾಡಿ, ಪೂಜೆಯ ತಾಟು ಸಜ್ಜು ಮಾಡಿ, ಪಕ್ಕದ ಮನೆಯ ಗಂಗವ್ವನನ್ನು ಕರೆದಳು. ಗಂಗವ್ವ ಎಂದರೆ ಅಪ್ಪನ ತಂಗಿ, ನನ್ನ ಸೋದರತ್ತೆ. ಅವಳು ಮುತ್ತೈದೆ; ಅಣ್ಣನ ಹೆಂಡತಿಯಾದ ಅವ್ವನನ್ನು ವೈನಿ ಅನ್ನುತ್ತಾಳೆ. ತಾಟನ್ನು ಅತ್ತೆಯ ಕೈಗೆ ಕೊಟ್ಟು ಅವ್ವ ಬಾಗಿಲಿನ ಹತ್ತಿರ ಹೋಗಿ ನಿಂತಳು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿಬಿಟ್ಟಿತು. ಅಪ್ಪ ಇದ್ದಾಗ ಅವರ ಮೇಜಿಗೆ, ಸ್ಕೇಲು ಪೆನ್ಸಿಲ್ಲಿಗೆ ಪ್ರತಿ ಅಮಾವಾಸ್ಯೆ ಪೂಜೆ ಮಾಡಿದವಳು ಇದೇ ಅವ್ವ. ಈಗ ಅವಳಿಗೆ ಏನು ಕಡಿಮೆಯಾಗಿದೆ?

"ಪೂಜಿ ನೀನ ಮಾಡಬೇಕ ಬೇ. ಇಲ್ಲಂದ್ರ ನಾ ಇದನ್ನ ಚಾಲೂನ ಮಾಡಂಗಿಲ್ಲ" ಅಂದೆ.

ಅವ್ವ ನನಗೆ ಬ್ಯಾಡ ಮಗಳ, ಬ್ಯಾಡ ಎಂದು ಅತ್ತೆಯ ಮುಖ ನೋಡಿದಳು. ಅತ್ತೆ ತಾಟನ್ನು ಕೆಳಗಿಟ್ಟಳು. ನಾನು ಕುಂಕುಮದ ಬಟ್ಟಲು ಎತ್ತಿ ಅವ್ವನ ಕೈಯಲ್ಲಿಟ್ಟೆ. ಅವಳು ನೀರು ಹಾಕಿ ಕುಂಕುಮ ಕಲಸಿಕೊಂಡು ಕೂತಳು ನೋಡಿ, ಎಷ್ಟು ಖುಷಿಯಿಂದ ಹಚ್ಚಿದಳು! ಡಬ್ಬಿಯ ಮೇಲೆ, ಎರಡೂ ಬದಿಗೆ, ಕೊನೆಗೆ ಚಾಲೂ ಮಾಡುವ ಬಟನ್ನಿನ ಮೇಲೂ ಒಂದು ದಪ್ಪನೆಯ ಬೊಟ್ಟು. ಕಾಯಿ ಒಡೆದಾದ ಮೇಲೆ ಬಟನ್ನನ್ನೂ ನೀನೇ ಒತ್ತು ಅಂದೆ. ಒತ್ತಿದಳು.

ಒಳಗಿನ ಫ್ಯಾನು ಒಂದು ಸುತ್ತು ತಿರುಗಿದಂತೆ ಮಾಡಿ ನಿಂತುಬಿಟ್ಟಿತು. ಮತ್ತೆ ಒತ್ತಿದರೆ ಅದೂ ಇಲ್ಲ.

"ನಾ ಮೊದಲ ಹೇಳಬೇಕಂತ ಮಾಡಿದ್ದೆ ವೈನಿ" ಎಂದಳು ಅತ್ತೆ. ಜೋರಾಗಿ ಹೇಳಲಿಲ್ಲ, ತನ್ನಷ್ಟಕ್ಕೆ ಅಂದುಕೊಂಡಂತೆ ಅಂದಳು. ಬೇರೆ ದಿನವಾಗಿದ್ದರೆ ಮಗ್ಗಗಳ ಸದ್ದಿನಲ್ಲಿ ಆ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅವತ್ತು ಓಣಿಯೆಲ್ಲ ಸ್ತಬ್ಧ. ಅವ್ವ ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ನನಗೆ ಆಗ ಕೆಲಸ, ಡಿಸೈನು ಯಾವುದೂ ತಲೆಯಲ್ಲಿ ಇರಲಿಲ್ಲ. ಇದು ಅವ್ವನ ಕೈಗುಣ ಅಲ್ಲ, ವೈರಿನ ದೋಷ ಎಂದು ತೋರಿಸಿಕೊಟ್ಟರೆ ಸಾಕಾಗಿತ್ತು. ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದೆ, ಕರೆಂಟು ಇತ್ತು. ಹಿಂದಿನ ಸ್ವಿಚ್ಚು ಸರಿಯಾಗಿತ್ತು. ಮೆಮೊರಿ ಪಟ್ಟಿ ಕಿತ್ತು ಮತ್ತೆ ಕೂಡಿಸಿದೆ, ದಪ್ಪ ವೈರುಗಳನ್ನೆಲ್ಲ ಬಿಚ್ಚಿ ಒತ್ತಿ ಒತ್ತಿ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಹಟ ಬಿಟ್ಟು ಜಮಖಂಡಿಯ ಅಂಗಡಿಯವರಿಗೆ ಫೋನ್ ಮಾಡಿದೆ. ಚಾಲೂ ಮಾಡಿ ನೋಡದೆ ಡಬ್ಬಿ ಯಾಕ ಮುಚ್ಚಿದ್ರಿ ಎಂದು ಮೊದಲು ಬೈದರು. ಆಮೇಲೆ, ಬಟನ್ನಿನಿಂದ ಬೋರ್ಡಿಗೆ ಬರುವ ಸಣ್ಣ ವೈರು ಕಿತ್ತು, ಅಲ್ಲಿರುವ ಎರಡು ಕಡ್ಡಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ನೋಡಿ ಅಂದರು.

ಮುಟ್ಟಿಸಿದ್ದೇ ತಡ, ಫ್ಯಾನು ತಿರುಗಿತು, ಪರದೆಯ ಮೇಲೆ ಅಕ್ಷರ ಮೂಡಿದವು. "ಅವ್ವಾ, ಬಾ ಇಲ್ಲಿ, ಚಾಲೂ ಆತು" ಎಂದು ಕೂಗಿದೆ. ಹಾಗಾದರೆ ಕೆಟ್ಟದ್ದು ಬರೀ ಬಟನ್ನು ಎಂದುಕೊಂಡು, ಆ ಖುಷಿಯಲ್ಲೇ ಮುಂದಿನ ಮುಚ್ಚಳ ಕಿತ್ತೆ. ಬಟನ್ನು ಒಳಗೆ ಹೋಗಿ ಮೇಲೆ ಬರದೆ ಅಂಟಿಕೊಂಡಿತ್ತು. ಸುತ್ತಲಿನ ಸಂದಿಯಲ್ಲೆಲ್ಲ ಕೆಂಪು ರಾಡಿ. ಕಲಸಿದ ಕುಂಕುಮ ಒಳಗಿಳಿದು ಗಟ್ಟಿಯಾಗಿತ್ತು. ನನ್ನ ಬೆರಳೆಲ್ಲ ಕೆಂಪಾದವು. ಅದನ್ನು ಮುಚ್ಚಿಡಬೇಕು ಎಂದು ತಿರುಗಿದರೆ ಹಿಂದೆ ಅವ್ವ ನಿಂತಿದ್ದಳು. ಕೂಗಿ ಕರೆದವಳು ನಾನೇ ಅಲ್ಲವೆ.

ಯಾರು ಹಚ್ಚಿದ್ದರೂ ಹೀಗೇ ಆಗುತ್ತಿತ್ತು, ಕುಂಕುಮಕ್ಕೆ ಯಾರ ಕೈ ಅಂತ ಏನು ಗೊತ್ತು ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ನನ್ನ ಕೂಗು ಕೇಳಿ ಬಂದಿದ್ದ ಅತ್ತೆಯ ಕಣ್ಣಲ್ಲಿ ನೀರಿತ್ತು.

"ಖರೆ ಐತಿ ವೈನಿ. ನಾ ಹಚ್ಚಿದ್ರೂ ಹಿಂಗ ಆಗತಿತ್ತು" ಅಂದಳು.

ಅವ್ವ ತಲೆಯಾಡಿಸಿದಳು. "ಹೌದು. ಆದ್ರ ನೀ ಹಚ್ಚಿದ್ದಿಲ್ಲಲ್ಲ, ಗಂಗವ್ವ."

ಅವ್ವ ಎಲೆ ಹಾಕಿ ನಮಗೆ ಬಡಿಸಿದಳು, ಹೋಳಿಗೆಗೆ ತುಪ್ಪ ಹಾಕಿದಳು. ತಾನೂ ಒಂದಿಷ್ಟು ಉಂಡಳು.

ಹತ್ತಿಯಿಂದ ಒರೆಸಿ ಬಟನ್ನು ಸರಿಮಾಡಿದೆ. ಕಂಪ್ಯೂಟರು ಇವತ್ತಿನ ತನಕ ಒಮ್ಮೆಯೂ ತಕರಾರು ಮಾಡಿಲ್ಲ. ಯಾಕೆ ಕೆಟ್ಟಿತ್ತು ಎಂಬ ಕಾರಣ ಕೆಂಪಗೆ ಕಣ್ಣೆದುರಿಗೇ ಸಿಕ್ಕಿತ್ತು. ಅದು ಸಿಗದೇ ಇದ್ದಿದ್ದರೇ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನಿಸುತ್ತದೆ.

ಮುಂದಿನ ಅಮಾವಾಸ್ಯೆಗೆ ಒಣ ಕುಂಕುಮ ತಂದಿಟ್ಟು, ಬಾ ಬೇ, ಬಟನ್ನೊಂದು ಬಿಟ್ಟು ಎಲ್ಲಿ ಬೇಕಾದರೂ ಹಚ್ಚು ಎಂದು ನಗಿಸಲು ನೋಡಿದೆ. ಅವ್ವ ನಕ್ಕಳು. ನಗುತ್ತಲೇ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆ ಕೈಗಳನ್ನು ಹಿಡಿದು ಹೊರಗೆ ಎಳೆಯಲು ನನಗೆ ಇನ್ನೂ ಧೈರ್ಯ ಬಂದಿಲ್ಲ.